ದೋಣಿಯ ಬಲಮಗ್ಗುಲು

ಮಾವನನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದಾಗ ನಮ್ಮಲ್ಲಿ ಯಾರ ಮುಖದಲ್ಲೂ ಗೆಲುವಿರಲಿಲ್ಲ. ವಾಸಿಮಾಡಿ ಕಳಿಸುವುದು ಬೇರೆ, ಕೈಚೆಲ್ಲಿ ಕಳಿಸುವುದು ಬೇರೆ. ಅದು ಮಾವನಿಗೂ ಗೊತ್ತಿತ್ತು. ಅವರು ಕೇಳಿದ್ದು ಒಂದೇ.

"ಮೊದಲು ಶೆಡ್ಡಿಗೆ ಕರ್ಕೊಂಡು ಹೋಗಿ. ನಮ್ಮ ದೋಣೀನ ಒಂದ್ಸಲ ಮುಟ್ಟಿ ನೋಡ್ಬೇಕು."

ಮುಟ್ಟಿಯೇ ನೋಡಬೇಕಿತ್ತು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಎಂದೋ ತಿಂದುಹಾಕಿತ್ತು. ಆಮೇಲೆ ದೋಣಿ ರಿಪೇರಿಯ ಶೆಡ್ಡು ಸೊಸೆಯಾದ ನನ್ನ ಕೊರಳಿಗೆ ಬಿತ್ತು. ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು. ತೊಳೆದು ಮುಗಿಸಿದೆ ಎಂದರೆ ಎದ್ದು ಬಂದು ದೋಣಿಯ ಮೈಮೇಲೆ ಅಂಗೈ ಆಡಿಸುತ್ತಿದ್ದರು. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. "ಇಲ್ಲಿ ಸೋಪು ಉಳಿದಿದೆ ನೋಡು." ಬಗ್ಗಿ ನೋಡಿದರೆ ಉಳಿದೇ ಇರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಗಂಡ ದೊಡ್ಡ ಹಾಸ್ಟೆಲೊಂದರ ಅಡುಗೆಮನೆ ನೋಡಿಕೊಳ್ಳುವವನು. ಮೀಸೆ ಮೂಡುವ ವಯಸ್ಸಿನಲ್ಲೇ ಶೆಡ್ಡು ಬಿಟ್ಟು ಸೌಟು ಹಿಡಿದವನು. ಅಪ್ಪ ಮಗನ ನಡುವೆ ಜಗಳವೇನೂ ಇರಲಿಲ್ಲ. ಊಟ ಆಯ್ತಾ, ಆಯ್ತು. ಮಾತ್ರೆ ತಗೊಂಡ್ರಾ, ತಗೊಂಡೆ. ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಪಕ್ಕಪಕ್ಕ ಕೂತವರು ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ಮಾವ ಬರುವ ದಿನ ಬೆಳಿಗ್ಗೆ ನಾನು ದೋಣಿಯ ಎಡಮಗ್ಗುಲು ತೊಳೆದು ಮೇಣ ಹಚ್ಚಿ ಮುಗಿಸಿದ್ದೆ. ಅವನು ಬಂದು ನಿಂತ.

"ಉಳಿದಿದ್ದು ನಾನು ತೊಳೀತೀನಿ," ಅಂದ. "ಅಪ್ಪನಿಗೆ ಅಂತ ನಾನೇನೂ ಮಾಡಿಲ್ಲ. ಇನ್ನು ಮಾಡೋಕೆ ಟೈಮೂ ಇಲ್ಲ."

ಅವನ ದನಿ ಕೇಳಿ ಬೇಡ ಎನ್ನಲು ಬಾಯಿ ಬರಲಿಲ್ಲ. "ಪಾತ್ರೆ ತೊಳೆಯೋ ಸೋಪು, ಮೆತ್ತನೆ ಬಟ್ಟೆ, ಧಾರಾಳ ನೀರು. ಬೇರೇನೂ ಬೇಡ," ಅಂದೆ.

"ಪಾತ್ರೆ ತೊಳೆಯೋದನ್ನ ನನಗೆ ಹೇಳ್ಕೊಡ್ತೀಯಾ?" ಎಂದು ನಕ್ಕ.

ಆ ನಗುವನ್ನು ನಂಬಿ ನಾನು ಆಸ್ಪತ್ರೆಗೆ ಬಟ್ಟೆಬರೆ ಕೊಟ್ಟು ಬರಲು ಹೋದೆ. ಮಾವನನ್ನು ನಾದಿನಿ ಸಂಜೆ ಕರೆದು ತರುವುದೆಂದು ಮಾತಾಗಿತ್ತು. ಮಧ್ಯಾಹ್ನ ಮರಳಿ ಶೆಡ್ಡಿನ ಬಾಗಿಲು ನೂಕಿದೆ. ಬಲಮಗ್ಗುಲು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು, ಹೊಳಪು ಮಾತ್ರ ಹೇಳಹೆಸರಿಲ್ಲದೆ ಹೋಗಿತ್ತು. ನೆಲದ ಮೇಲೆ ಪಾತ್ರೆ ಉಜ್ಜುವ ಪುಡಿ, ಸ್ಟೀಲ್ ನಾರಿನ ಉಂಡೆಗಳು. ಅವನ ಅಡುಗೆಮನೆಯಲ್ಲಿ ಉಜ್ಜಿದ್ದು ಕಿರ್ರೆಂದರೆ ಮಾತ್ರ ತೊಳೆದ ಹಾಗೆ. ಫೈಬರ್ ದೋಣಿಯ ಮೇಲೆ ತೆಳ್ಳಗಿನ ನುಣುಪು ಪದರ ಒಂದಿರುತ್ತದೆ. ಹೊಳಪು ಅದರದ್ದೇ, ಒಳಗೆ ನೀರಿಳಿಯದಂತೆ ಕಾಯುವುದೂ ಅದೇ. ನನ್ನ ಮಹಾರಾಯ ಅದನ್ನು ಸೀದ ಪಾತ್ರೆಯ ತಳದಂತೆ ಕೆರೆದಿದ್ದ.

ಬೈಯಲು ಬಾಯಿ ತೆರೆದೆ. ಆಗ ಆಸಿಡ್ಡಿನ ಘಾಟು ಮೂಗಿಗೆ ಬಡಿಯಿತು. ಅವನು ದೋಣಿಯ ಮುಂಭಾಗದೊಳಗಿನ ಪುಟ್ಟ ಕೋಣೆಯಲ್ಲಿದ್ದ. ತುಕ್ಕಿನ ಕಲೆಗೆಂದು ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದಿದ್ದ. ಕೈಯಲ್ಲಿ ಬ್ಲೀಚಿನ ಕ್ಯಾನು, ಅದರ ಮುಚ್ಚಳ ತಿರುಗಿಸುತ್ತಿದ್ದ.

"ಬೇಡ! ಕೆಳಗಿಡು! ಆಚೆ ಬಾ!"

ಅಂಗಿ ಹಿಡಿದು ಎಳೆದುಕೊಂಡೆ. "ಎರಡೂ ಸೇರಿದ್ರೆ ವಿಷದ ಗಾಳಿ ಏಳುತ್ತೆ. ಆ ಗೂಡಲ್ಲಿ ಓಡೋಕಾದ್ರೂ ಜಾಗ ಇದ್ಯಾ?"

ಕ್ಯಾನನ್ನು ಅಂಗಳದ ಮೂಲೆಗೆ ಸಾಗಿಸಿ, ಕಿಟಕಿ ಬಾಗಿಲು ತೆಗೆದು, ಹೊರಗೆ ನಿಂತೇ ಪೈಪಿನಿಂದ ನೀರು ಬಿಟ್ಟೆ. ಘಾಟು ಇಳಿಯುವ ತನಕ ಇಬ್ಬರೂ ಅಂಗಳದಲ್ಲೇ ಕೂತೆವು.

"ಬೆಳ್ಳಗಂತೂ ಆಗಿದೆ ಅಲ್ವಾ?" ಅಂದ ಮೆಲ್ಲಗೆ.

ನಾನು ಅವನ ಅಂಗೈಯನ್ನು ಎಡಮಗ್ಗುಲಿನ ಮೇಲಿಟ್ಟೆ, ಆಮೇಲೆ ಬಲಮಗ್ಗುಲಿನ ಮೇಲೆ. ಮುಂದೆ ನಾನು ಏನೂ ಹೇಳಬೇಕಾಗಲಿಲ್ಲ. ಅವನ ಮುಖ ಇಷ್ಟೇ ಇಷ್ಟಾಯಿತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಎಡಗಡೆ ಮಾತ್ರ ತೋರಿಸೋಣ. ಅವರಿಗೆ ಗೊತ್ತಾಗಲ್ಲ," ಅಂದೆ. ಅವನು ಹೂಂಗುಟ್ಟಿದ.

ಸಂಜೆ ಮಾವ ಬಂದರು. ಗಾಲಿಕುರ್ಚಿಯಲ್ಲಿ ಹಿಡಿಯಷ್ಟಾಗಿ ಕೂತಿದ್ದರು. ಎಡಮಗ್ಗುಲಿನ ಮೇಲೆ ಕೈ ಆಡಿಸಿ, "ನಿನ್ನ ಕೆಲಸ ಇದು. ಸೋಪು ಉಳಿದಿಲ್ಲ, ಪರವಾಗಿಲ್ಲ," ಅಂದರು. ಆಮೇಲೆ ಕೇಳಿದರು, "ಆ ಕಡೆ?"

"ಆ ಕಡೇನೂ ಹೀಗೇ ಇದೆ ಮಾವ."

ನನ್ನ ಗಂಡ ಕುರ್ಚಿ ತಿರುಗಿಸಿದ. ನಾನು ಕಣ್ಣಲ್ಲೇ ತಡೆದರೂ ಕೇಳದೆ ಬಲಗಡೆಗೆ ತಳ್ಳಿಕೊಂಡು ಹೋದ. "ಈ ಕಡೆ ನಾನು ತೊಳೆದೆ, ಅಪ್ಪ."

ಮಾವನ ಅಂಗೈ ಇಟ್ಟಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಕೈಗೆಟುಕುವಷ್ಟೂ ದೂರ ಸರಿಯಿತು.

"ಯಾವುದ್ರಲ್ಲಿ ಉಜ್ಜಿದೆ?"

"ಸ್ಟೀಲ್ ನಾರಲ್ಲಿ. ಪುಡಿ ಹಾಕಿ."

"ಕತ್ತೆ! ಇದೇನು ನಿನ್ನ ಹಾಸ್ಟೆಲಿನ ಬಾಣಲೆ ಅಂದ್ಕೊಂಡ್ಯಾ? ಕಲೆ ಇದ್ರೆ ಅಡುಗೆ ಸೋಡ ಕಲಸಿ ಹಚ್ಚಿ ಮೆತ್ತಗೆ ಒರೆಸ್ಬೇಕು. ನೀರಿನ ಗೆರೆಗೆ ವಿನೆಗರನ್ನ ನೀರಲ್ಲಿ ಬೆರೆಸಿ ಹಚ್ಚಿ, ತಕ್ಷಣ ತೊಳೀಬೇಕು. ಏನೇ ಹಚ್ಚೋ ಮೊದಲು ಒಂದು ಮೂಲೇಲಿ ಹಚ್ಚಿ ನೋಡ್ಬೇಕು. ನೋಡಿದ್ಯಾ? ಎಲ್ಲಿ ನೋಡ್ತೀಯ! ತಲೆ ಎಲ್ಲಿಟ್ಟಿದ್ದೆ?"

ನಾದಿನಿ ತಡೆಯಲು ಹೋದರೆ ಅವಳಿಗೂ ಬಿತ್ತು. ನಾನು ಗಂಡನ ಕಡೆ ನೋಡಿದೆ. ಅವನ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದ. ನಾನು ಈ ಮನೆಗೆ ಬಂದ ಮೇಲೆ ಮಾವ ಅವನನ್ನು ಬೈದದ್ದು ಅದೇ ಮೊದಲು. ನನ್ನನ್ನು ಬೈಯದ ದಿನವಿರಲಿಲ್ಲ. ಅದು ಎಂಥ ಭಾಗ್ಯ ಎಂದು ನನಗೆ ಹೊಳೆದೇ ಇರಲಿಲ್ಲ.

ಮಾವನ ಉಸಿರು ಸಾಲದೆ ಮಾತು ನಿಂತಿತು. ಆಗ ಯಾರೂ ಕೇಳದಿದ್ದರೂ ನನ್ನ ಗಂಡ ಹೇಳಿದ, "ಇನ್ನೂ ಇದೆ ಅಪ್ಪ. ಒಳಗೆ ಕೋಣೇಲಿ ಆಸಿಡ್ ಸುರಿದಿದ್ದೆ. ಅದರ ಮೇಲೆ ಬ್ಲೀಚ್ ಹಾಕೋದ್ರಲ್ಲಿದ್ದೆ. ಇವಳು ಬಂದು ಎಳೆದ್ಲು."

ಮಾವನ ಕೈ ದೋಣಿಯನ್ನು ಬಿಟ್ಟು ಗಾಳಿಯಲ್ಲಿ ತಡಕಾಡಿತು. ಮಗನ ತೋಳು ಸಿಕ್ಕಿತು. ಎಲ್ಲಿತ್ತೋ ಆ ಬಲ, ಅವನನ್ನು ಮಂಡಿಯೂರುವ ಹಾಗೆ ಎಳೆದುಕೊಂಡರು. ಅವನ ಮುಖ, ಮೂಗು, ಎದೆಯ ಮೇಲೆಲ್ಲ ಕೈ ಆಡಿಸಿದರು.

"ಮುಠ್ಠಾಳ," ಅಂದರು. ದನಿ ಒಡೆದುಹೋಗಿತ್ತು. "ನಾನಿನ್ನೂ ಇರುವಾಗ್ಲೇ ಹೋಗ್ಬಿಡ್ತಿದ್ದೆಯಲ್ಲೋ, ಮಗನೇ."