ಹುಳದ ಮನೆಯೊಳಗೆ ಬಾರದ ಹೊಂಗೆ ಎಣ್ಣೆ

ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ಆವನಿ ಊರಿನ ಪಕ್ಕದ ಹಳ್ಳಿಯ ಭಾರತಮ್ಮನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಪುಟ್ಟ ಮಗಳು ಆದಿಲಕ್ಷ್ಮಿಗೆ ಮೈಯೆಲ್ಲ ಕಜ್ಜಿ. ಬೇವಿನ ನೀರಿಗೆ ಅದು ಜಗ್ಗಲಿಲ್ಲ. ಕೆರೆದು ಕೆರೆದು ಕೀವಾಗಿ, ಈಗ ಜ್ವರವೂ ಬಂದಿತ್ತು.

ಮದ್ದೇನು ದೂರವಿರಲಿಲ್ಲ. ಹೊಲದ ಬದುವಿನಲ್ಲಿ ಅತ್ತೆ ದೊಡ್ಡಮುನಿಯಮ್ಮನೇ ಬೀಜ ಊರಿ ಬೆಳೆಸಿದ ಹೊಂಗೆ ಮರವಿತ್ತು. ದನ ಬಾಯಿ ಹಾಕದ ಗಿಡ. ಬೇಲಿಯಿಲ್ಲದೆ ಬೆಳೆದು ಈಗ ಪುರಿ ಚೆಲ್ಲಿದ ಹಾಗೆ ಹೂ ಉದುರಿಸುತ್ತಿತ್ತು. ಹೋದ ವರ್ಷದ ಬೀಜ ಗಾಣಕ್ಕೆ ಕೊಟ್ಟು ತಂದ ಎಣ್ಣೆಯ ಸೀಸೆ ಅದರ ಕೊಂಬೆಯಲ್ಲೇ ತೂಗುತ್ತಿತ್ತು. ಅದನ್ನು ಮನೆಯೊಳಗೆ ತರುವ ಹಾಗಿಲ್ಲ. ಒಳಗೆ ಬಿದಿರು ತಟ್ಟೆಗಳ ತುಂಬ ರೇಷ್ಮೆ ಹುಳ, ಘಾಟು ತಾಗಿದರೆ ತಟ್ಟೆಗೆ ತಟ್ಟೆಯೇ ಸತ್ತುಹೋಗುತ್ತದೆಂಬ ಭಯ. ಹುಳ ಇರುವಷ್ಟು ದಿನ ಆ ಮನೆಯಲ್ಲಿ ಒಗ್ಗರಣೆ ಕೂಡ ಹಾಕುತ್ತಿರಲಿಲ್ಲ. ಗಂಡ ನರಸಿಂಹಪ್ಪ ಹಿಪ್ಪುನೇರಳೆ ಸೊಪ್ಪು ತಂದು ಅಂಗಳದಲ್ಲಿ ಇಳಿಸಿ ಅರಳಿಕಟ್ಟೆಗೆ ಹೋದರೆ ಮುಗಿಯಿತು. ತಟ್ಟೆಗೆ ಸೊಪ್ಪು ಹಾಕುವ ಕೆಲಸವೆಲ್ಲ ಹೆಂಗಸರದ್ದು.

"ಗೂಡು ಕಟ್ಟೋವರ್ಗೂ ತಡ್ಕೊಳ್ಳೇ," ಎಂದಳು ಅತ್ತೆ. "ಎಣ್ಣೆ ಕೈಯಲ್ಲಿ ಸೊಪ್ಪು ಮುಟ್ಟಿದ್ರೆ ಬೆಳೆ ಮಣ್ಣುಪಾಲು."

ಹುಳ ಪೊರೆ ಬಿಡುವುದನ್ನು ಅಲ್ಲಿ ಜ್ವರವೆಂದೇ ಕರೆಯುತ್ತಾರೆ. ಭಾರತಮ್ಮನಿಗೆ ರೇಗಿತು. "ಹುಳಕ್ಕೆ ಜ್ವರ ಬಂದ್ರೆ ಎಲ್ರೂ ಉಸಿರು ಬಿಗಿಹಿಡ್ಕೊಂಡು ಕೂರ್ತೀರ. ನನ್ನ ಮಗೂಗೆ ಬಂದ್ರೆ ತಡ್ಕೋಬೇಕಾ ಅತ್ತೆ?"

ಮಗು ಮತ್ತೆ ಕಿರುಚಿತು. ಹಾಳಾದ ಹುಳ! ಸೊಪ್ಪಿನ ಮಂಕರಿಯನ್ನು ಅಲ್ಲೇ ಬಿಟ್ಟು, ಮಗುವನ್ನು ಸೊಂಟಕ್ಕೇರಿಸಿ ಬದುವಿಗೆ ಓಡಿದಳು. ಮರದ ಕೆಳಗೆ ಕೂತು ಮಗುವಿನ ಮೈಗೆಲ್ಲ ಎಣ್ಣೆ ಬಳಿದಳು. ಇನ್ನು ಅವಳು ತಟ್ಟೆ ಮುಟ್ಟುವ ಹಾಗಿಲ್ಲ. ಹುಳಕ್ಕೋ ಹೊಟ್ಟೆಬಾಕ ವಯಸ್ಸು. ಅತ್ತೆ ಒಬ್ಬಳೇ ಎಷ್ಟಕ್ಕೆಂದು ಸೊಪ್ಪು ಹಾಕಿಯಾಳು? ಬೆಳೆ ಹೋದರೆ ಜನ್ಮವೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಎಂದುಕೊಂಡಳು. ಆದರೂ ಮನೆಯ ಕಡೆ ತಿರುಗಿ ತಿರುಗಿ ನೋಡಿದಳು.

ಮಗು ಮಡಿಲಲ್ಲೇ ನಿದ್ದೆಹೋಯಿತು. ಅಷ್ಟರಲ್ಲಿ ದೊಡ್ಡಮುನಿಯಮ್ಮ ದಾಪುಗಾಲು ಹಾಕುತ್ತ ಬಂದಳು. ಬೈಗುಳ ಶುರುವಾಗುವ ಮುಂಚೆ ಭಾರತಮ್ಮನೇ ಬಾಯಿ ಬಿಟ್ಟಳು. "ಹಚ್ಚಿಬಿಟ್ಟೆ ಅತ್ತೆ. ಏನ್ ಬೇಕಾದ್ರೂ ಅನ್ನಿ."

ಅತ್ತೆ ಮಲಗಿದ್ದ ಮೊಮ್ಮಗಳನ್ನು ನೋಡಿದಳು. ಎದುರು ಕುಕ್ಕರುಗಾಲಲ್ಲಿ ಕೂತು, ಸೆರಗಿನೊಳಗಿಂದ ಎರಡೂ ಕೈ ತೆಗೆದು ಚಾಚಿದಳು. ಬೆರಳ ಸಂದಿಯೆಲ್ಲ ಒಡೆದು ರಸಿಗೆ ಸೋರುತ್ತಿತ್ತು.

"ಅಯ್ಯೋ ದೇವ್ರೇ! ಯಾವಾಗಿಂದ ಅತ್ತೆ?"

"ಹುಳದ ಎರಡನೇ ಜ್ವರದಿಂದ. ಕೆರ್ಕೊಂಡ್ರೆ ನಿಂಗೆ ಗೊತ್ತಾಗುತ್ತೆ ಅಂತ ಕೈ ಮೈಕೆಳಗೆ ಹಾಕ್ಕೊಂಡು ಮಲಗ್ತಿದ್ದೆ ಕಣೇ. ಹಚ್ಚು."

ಭಾರತಮ್ಮನಿಗೆ ಅಳು ಬಂತು. "ಹಚ್ಚಿದ್ರೆ ಸೊಪ್ಪು ಹಾಕೋರು ಯಾರು?"

"ನಿನ್ನ ಗಂಡ ಹಾಕ್ಲಿ. ಅವನನ್ನ ಎರಡು ಕೈ ಸಮೇತಾನೇ ಹೆತ್ತಿದ್ದೀನಿ."