ಅಕ್ಕನ ತಮಾಷೆ

"ಯಾರಮ್ಮ ನೀನು? ರಸೀತಿ ತಂದಿದ್ಯಾ?" ಎಂದಳು ಅಕ್ಕ, ಆಸ್ಪತ್ರೆಯ ದಿಂಬಿನ ಮೇಲಿಂದಲೇ.

ತಂಗಿಗೆ ಹೋದ ಜೀವ ಬಂದಂತಾಯಿತು. ಮೊನ್ನೆ ತಲೆಯೊಳಗೆ ರಕ್ತನಾಳ ಒಡೆದು, ತಮ್ಮಿಬ್ಬರ ಲಾಂಡ್ರಿ ಅಂಗಡಿಯಲ್ಲೇ ಕುಸಿದುಬಿದ್ದವಳು ಇವಳೇನಾ! ಅಂಗಡಿಗೆ ತಂಗಿ ತಡವಾಗಿ ಬಂದಳೆಂದರೆ ಸಾಕು, ಅಕ್ಕ ಇಸ್ತ್ರಿಪೆಟ್ಟಿಗೆಯಿಂದ ಕೈ ತೆಗೆಯದೆ, ಗಿರಾಕಿಗಳ ಮುಂದೆಯೇ ಇದನ್ನು ಕೇಳುತ್ತಿದ್ದಳು. ತಂಗಿಯೇನು ಬಿಡುವವಳೇ? "ಕಳೆದ್ಹೋಯ್ತು ಮೇಡಂ. ಒಬ್ಬ ಅಕ್ಕನ್ನ ಒಗೆಯೋಕೆ ಕೊಟ್ಟಿದ್ದೆ, ಆಯ್ತಾ?" ಎನ್ನುತ್ತಿದ್ದಳು. ಬಂದವರು ಬಿದ್ದು ಬಿದ್ದು ನಗುತ್ತಿದ್ದರು.

ಈಗಲೂ ಅದನ್ನೇ ಹೇಳಿದಳು. ಅಕ್ಕ ನಗಲಿಲ್ಲ. ಅಕ್ಕ ಯಾವತ್ತು ನಕ್ಕಿದ್ದಳು? ಅವಳ ಮಜಾ ಇದ್ದದ್ದೇ ಆ ಗಂಟುಮುಖದಲ್ಲಿ.

ನರ್ಸ್ ಬಂದು ಹೆಸರು ಕೇಳಿದಳು. ಅಕ್ಕ ಸರಿಯಾಗಿಯೇ ಹೇಳಿದಳು. "ಮಾತಲ್ಲಿ ಏನಾದ್ರೂ ಎಡವಟ್ಟು ಕಾಣ್ತಿದ್ಯಾ?" ಎಂದು ನರ್ಸ್ ತಂಗಿಯನ್ನು ವಿಚಾರಿಸಿದಳು.

"ಅಯ್ಯೋ, ಬೆಳಗ್ಗಿಂದ ನನ್ನ ಗೋಳು ಹುಯ್ಕೋತಿದ್ದಾಳೆ! ಪೂರ್ತಿ ಹುಷಾರಾಗಿದ್ದಾಳೆ ಬಿಡಿ."

ಮಧ್ಯಾಹ್ನ ಅಕ್ಕ ನಿದ್ದೆಗೆ ಜಾರಿದಳು. ಪಾಪ, ಸುಸ್ತಾಗಿದೆ ಎಂದು ತಂಗಿ ಪರದೆ ಎಳೆದಳು. ನೋಡಲು ಬಂದ ಭಾವನನ್ನೂ, "ಎಬ್ಬಿಸ್ಬೇಡಿ ಭಾವ, ಮಲಗ್ಲಿ" ಎಂದು ಬಾಗಿಲಿಂದಲೇ ಕಳಿಸಿದಳು. ಸಂಜೆ ಎಬ್ಬಿಸಲು ಹೋದರೆ ಅಕ್ಕ ಏಳಲಿಲ್ಲ.

"ರಕ್ತ ಸೋರೋದು ಅವತ್ತೇ ನಿಂತಿತ್ತು," ಎಂದರು ಡಾಕ್ಟರು. "ಆದರೆ ಸೋರಿದ್ದನ್ನ ತೆಗೆಯೋಕೆ ಅಂತ ದೇಹದ ರಕ್ಷಣಾ ಕಣಗಳು ನುಗ್ಗಿ ಬರ್ತವೆ. ಅವುಗಳಿಂದ ಅಕ್ಕಪಕ್ಕದ ಒಳ್ಳೆ ಭಾಗಕ್ಕೂ ಏಟು ಬೀಳುತ್ತೆ. ಉರಿಯೂತ ಆಗಿ ಮಿದುಳು ಊದ್ಕೊಂಡಿದೆ."

"ಕಾಪಾಡೋಕೆ ಬಂದವೇ ಹಿಂಗ್ ಮಾಡ್ತವಾ?"

"ಮಾಡ್ತವೆ. ಗೊಂದಲ, ಮಂಪರು ಅದರದ್ದೇ ಸೂಚನೆ. ಬೆಳಗ್ಗೆ ಏನೂ ಕಾಣ್ಲಿಲ್ವಾ?"

ಯಾರಮ್ಮ ನೀನು ಎಂದ ಬೆಳಗಿನ ಮಾತು ತಂಗಿಗೆ ನೆನಪಾಯಿತು; ಅದು ತಮಾಷೆಯಾಗಿರಲಿಲ್ಲವೇನೋ. ಕೇಳಿದಳು: "ಕಂಡಿದ್ರೆ?"

"ಬೇಗ ಸ್ಕ್ಯಾನ್ ಮಾಡ್ತಿದ್ವಿ. ಅದಕ್ಕಿಂತ ಹೆಚ್ಚು ನಾನು ಹೇಳೋಕಾಗಲ್ಲ."

ಅಕ್ಕ ಪ್ರಜ್ಞೆಯಿಲ್ಲದೆ ಮಲಗಿದ್ದ ಆ ದಿನಗಳಲ್ಲಿ ತಂಗಿ ಒಬ್ಬಳೇ ಅಂಗಡಿ ತೆರೆದಳು. ಇಸ್ತ್ರಿಯ ಹಬೆ ಎದ್ದಾಗಲೆಲ್ಲ ಬೆನ್ನ ಹಿಂದೆ ಅದೇ ಪ್ರಶ್ನೆ ಕೇಳಿಸುತ್ತಿತ್ತು: ಯಾರಮ್ಮ ನೀನು? ತಿರುಗಿ ನೋಡಿದರೆ ತೂಗುಹಾಕಿದ ಕೋಟುಗಳು ಮಾತ್ರ. ಅವಳಿಗೆ ಅಲ್ಲಿ ನಿಲ್ಲಲು ಹೆದರಿಕೆಯಾಗತೊಡಗಿತು. ಅಕ್ಕನನ್ನು ಈ ಸ್ಥಿತಿಗೆ ತಂದವಳು ತಾನೇ ಏನೋ ಅನ್ನಿಸುತ್ತಿತ್ತು.

ಕೊನೆಗೆ ಊತ ಇಳಿಯಿತು. ಅಕ್ಕ ಕಣ್ಣು ಬಿಟ್ಟಳು. ನರ್ಸ್ ಬಗ್ಗಿ, "ಇವರು ಯಾರು, ಹೇಳಿ ನೋಡೋಣ?" ಎಂದಳು.

ಅಕ್ಕ ತಂಗಿಯನ್ನು ತುಂಬ ಹೊತ್ತು ನೋಡಿದಳು. "ಅಮ್ಮ," ಎಂದಳು. ಅದೇ ಗಂಟುಮುಖ.

ನರ್ಸ್ ತಂಗಿಯತ್ತ ತಿರುಗಿದಳು. "ತಮಾಷೆ ಮಾಡ್ತಿದ್ದಾರಾ?"

ಹೂಂ ಎಂದುಬಿಡುವ ಆಸೆ ನಾಲಿಗೆಯ ತುದಿಗೆ ಬಂತು. ತಂಗಿ ಅದನ್ನು ನುಂಗಿಕೊಂಡಳು. "ಇಲ್ಲ. ನಮ್ಮಮ್ಮ ಹೋಗಿ ಎಷ್ಟೋ ವರ್ಷ ಆಯ್ತು. ನಾನು ತಂಗಿ. ಡಾಕ್ಟರ್‌ಗೆ ಹೇಳಿ."

ನರ್ಸ್ ಸರಸರ ಹೊರಟಳು. ಅಕ್ಕ ತಂಗಿಯ ತೋಳನ್ನು ಮೆಲ್ಲಗೆ ಎಳೆದಳು.

"ಅಮ್ಮಾ, ಚಿಕ್ಕವಳೆಲ್ಲಿ? ಅವಳು ಊಟ ಮಾಡಿದ್ಲಾ?"

ತಂಗಿ ಹೊದಿಕೆಯನ್ನು ಅವಳ ಎದೆಯವರೆಗೆ ಎಳೆದಳು.

"ಮಾಡಿದ್ಲು ಕಂದ," ಎಂದಳು. "ಹೊಟ್ಟೆ ತುಂಬ ಮಾಡಿದ್ಲು."