ಪದಾರ್ಥದ ಮೀನಿಗೆ ಹೆಸರು ಹಿಡಿದು ಕರೆಯಿರಿ

ಬೋಟು ಬಂದರಿನ ಧಕ್ಕೆಯಲ್ಲಿ ಮೀನು ಇಳಿಸಿ, ಹೊಳೆ ದಾಟಿ ಬೆಂಗ್ರೆಯ ದಡಕ್ಕೆ ಬಂದು ನಿಂತ ಮೇಲೂ ಇಲ್ಯಾಸ್ ಸಾವ್ಕಾರರಿಗೆ ಒಂದು ಕೆಲಸ ಬಾಕಿ ಇರುತ್ತಿತ್ತು. ಅದು ಅವರಿಗೆ ಬಹಳ ಇಷ್ಟದ ಕೆಲಸ. ಮಾರಾಟಕ್ಕೆ ಕೊಡದೆ ಎತ್ತಿಟ್ಟ ಮೀನನ್ನು ಪಾಲು ಮಾಡಿ, ಬೋಟಿನ ಒಬ್ಬೊಬ್ಬರನ್ನೂ ಕೂಗಿ ಕರೆದು ಅವರ ಕೈಗೇ ಕೊಡುವುದು. ಅದನ್ನು ಪದಾರ್ಥದ ಮೀನು ಎನ್ನುತ್ತಾರೆ. ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ. ಮನೆಯ ಒಲೆಯ ಮೇಲೆ ಬೇಯುವ ಪಾಲು ಅದು. ಇಲ್ಯಾಸರ ತಂದೆ ಹುಟ್ಟು ಹಾಕುವ ದೋಣಿಯಲ್ಲಿ ಹೋಗುತ್ತಿದ್ದ ಕಾಲದಿಂದಲೂ ಅವರ ಮನೆತನದಲ್ಲಿ ನಡೆದುಬಂದದ್ದು. ಕೈನೀಡಿ ತೆಗೆದುಕೊಂಡವನು ಆ ಬೋಟಿನವನು. ತೆಗೆದುಕೊಳ್ಳದೆ ಹೋದರೆ ಬೋಟು ಬಿಟ್ಟ ಹಾಗೆ. ಬಾಯಿಬಿಟ್ಟು ಹೇಳಬೇಕೆಂದೇ ಇಲ್ಲ.

ಆ ದಿನ ಬಂಗುಡೆ ಚೆನ್ನಾಗಿ ಬಿದ್ದಿತ್ತು. ಇಲ್ಯಾಸರು ಖುಷಿಯಲ್ಲಿದ್ದರು.

“ಸೈಮನ್! ಬಾ, ಹಿಡಿ. ನಿನ್ನ ಅತ್ತೆ ಬಂದಿದ್ದಾರಂತೆ, ಎರಡು ಜಾಸ್ತಿ ಉಂಟು.”

“ಸುಹೈಬ್! ಮೀನು ಮನೆಗೆ ಕೊಂಡೋಗು ಮಾರಾಯ, ದಾರಿಯಲ್ಲಿ ಬೆಕ್ಕಿಗೆ ಹಾಕ್ಬೇಡ.”

ಆಮೇಲೆ ಸ್ವರ ಇನ್ನೂ ಏರಿಸಿದರು.

“ಏ ಘಟ್ಟಾ! ಬಾ, ಬಾ! ಮುಳ್ಳು ಕಮ್ಮಿ ಇದ್ದದ್ದೇ ಇಟ್ಟಿದ್ದೇನೆ ನಿನಗೆ.”

ಆ ಮನುಷ್ಯ ಘಟ್ಟದ ಮೇಲೆ ಗದಗದ ಕಡೆಯಿಂದ ಬಂದವನು. ಅದಕ್ಕೇ ಬೆಂಗ್ರೆಯಲ್ಲಿ ಅವನು ಘಟ್ಟ. ಬಂದ ಹೊಸತರಲ್ಲಿ ಸಮುದ್ರ ನೋಡಿದರೆ ತಲೆ ತಿರುಗುತ್ತಿತ್ತು. ಈಗ ಹರಿದ ಬಲೆಯನ್ನು ಅವನ ಹಾಗೆ ಕಟ್ಟುವವರು ಆ ದಡದಲ್ಲಿ ಇನ್ನೊಬ್ಬರಿಲ್ಲ. ಏಳೆಂಟು ವರ್ಷದಿಂದ ಇಲ್ಯಾಸರ ಬೋಟಿನಲ್ಲಿಯೇ ಇದ್ದಾನೆ. ಬೇರೆ ಬೋಟಿನವರು ಕರೆದರೂ ಹೋದವನಲ್ಲ.

ಅವತ್ತು ಊರಿನಿಂದ ಅವನ ಹೆಂಡತಿ ಬಂದಿದ್ದಳು. ಗಂಡ ಕೆಲಸ ಮಾಡುವ ಜಾಗವನ್ನು ಮೊದಲ ಸಲ ನೋಡಲಿಕ್ಕೆ, ತಲೆಯ ಮೇಲೆ ಸೆರಗು ಹೊದ್ದು, ಕಂಕುಳಲ್ಲಿ ಚೀಲ ಇಟ್ಟುಕೊಂಡು ದಡದಲ್ಲಿ ನಿಂತಿದ್ದಳು. ಇಲ್ಯಾಸರ ಕಣ್ಣು ಅವಳ ಮೇಲೆ ಬಿತ್ತು.

“ಓಹೋ, ಇವತ್ತು ಘಟ್ಟದವಳೂ ಇಳಿದು ಬಂದಿದ್ದಾಳೆ! ಅವಳಿಗೆ ಮೀನು ತೊಳಿಲಿಕ್ಕೆ ಗೊತ್ತುಂಟಾ ಮಾರಾಯ? ಇಲ್ಲ, ಇದನ್ನೂ ಜೋಳದ ರೊಟ್ಟಿಯ ಹಾಗೆ ಬಡೀತಾಳಾ?”

ದಡದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಗಂಡನ ಮುಖವನ್ನೇ ನೋಡಿದಳು.

“ಏನ್ರೀ, ಇಲ್ಲಿ ನಿಮಗ ಹೆಸರಽ ಇಲ್ಲೇನು?”

ಅವನು ಅವಳ ಕಂಕುಳಿನ ಚೀಲವನ್ನು ತಾನು ತೆಗೆದುಕೊಂಡ. ಹಿಂದೆ ತಿರುಗಿ ನೋಡದೆ ಬಲೆ ಶೆಡ್ಡಿನ ಕಡೆ ನಡೆದುಬಿಟ್ಟ. ಬಂಗುಡೆ ತುಂಬಿದ ಪ್ಲಾಸ್ಟಿಕ್ ತೊಟ್ಟೆ ಇಲ್ಯಾಸರ ಕೈಯಲ್ಲೇ ಉಳಿಯಿತು.

ನಗು ನಿಂತುಹೋಯಿತು. ಪದಾರ್ಥದ ಮೀನು ಮುಟ್ಟದೆ ಹೋದದ್ದನ್ನು ಎಲ್ಲರೂ ನೋಡಿದ್ದರು.

ಇಲ್ಯಾಸರು ಉಳಿದ ಪಾಲು ಹಂಚಿ ಮುಗಿಸಿ ಮನೆಗೆ ಬಂದು ತೊಟ್ಟೆಯನ್ನು ಐಸಿನಲ್ಲಿಟ್ಟರು. ಜಗಲಿಯಲ್ಲಿ ಹೆಂಡತಿ ರಮ್ಲಾ ಮತ್ತು ಎವ್ಲಿನ್ ಟೀಚರ್ ಕುಳಿತಿದ್ದರು. ಎವ್ಲಿನ್ ಟೀಚರ್ ಬೆಂಗ್ರೆಯ ಮಕ್ಕಳಿಗೆ ಪಾಠ ಹೇಳಿಯೇ ಕೂದಲು ಹಣ್ಣು ಮಾಡಿಕೊಂಡವರು. ನಿವೃತ್ತಿಯಾದ ಮೇಲೂ ರಮ್ಲಾಳ ಸ್ವಸಹಾಯ ಗುಂಪಿನ ಸಭೆಗೆ ಪೇಟೆಯ ಬಿಜೈಯಿಂದ ಬಸ್ಸು ಹಿಡಿದು, ದೋಣಿ ಹತ್ತಿ ಬರುತ್ತಾರೆ.

“ಎಂತ ಇಲ್ಯಾಸ್, ನಿಮ್ಮ ಬಲೆ ಕಟ್ಟುವವ ಹೆಂಡತಿ ಜೊತೆ ಗಂಟು ಕಟ್ಟಿಕೊಂಡು ದೋಣಿ ಹತ್ರ ಕೂತಿದ್ದಾನಲ್ಲ?” ಎಂದರು ಟೀಚರ್. “ಕೇಳಿದ್ದಕ್ಕೆ, ಬಿಜೈಗೆ ಹೋಗಿ ಗದಗದ ಬಸ್ಸು ಹಿಡಿತೇವೆ ಅಂದ.”

ಇಲ್ಯಾಸರಿಗೆ ಅವನು ಹೋಗುವುದು ಬೇಕಿರಲಿಲ್ಲ. ಆದರೆ ಬಾಯಿ ಬೇರೆಯೇ ಹೇಳಿತು.

“ಹೋಗ್ಲಿ. ಇಷ್ಟು ವರ್ಷ ಘಟ್ಟ ಅಂದದ್ದಕ್ಕೆ ಸಿಟ್ಟಿಲ್ಲ, ಇವತ್ತು ಬಂತಾ? ನಾನು ಬೈದದ್ದಾ ಟೀಚರೇ? ಪ್ರೀತಿಯಲ್ಲಿ ಕರೆದದ್ದು. ನಿಮ್ಮನ್ನು ಇಡೀ ಬೆಂಗ್ರೆ ಪೊರ್ಬು ಟೀಚರ್ ಅಂತ ಕರೀತದೆ. ಕ್ರಿಶ್ಚಿಯನ್ನರನ್ನು ತುಳುವಿನಲ್ಲಿ ಕರೆಯುವುದೇ ಹಾಗೆ. ನೀವು ಬೇಜಾರು ಮಾಡಿದ್ದುಂಟಾ?”

“ಇಲ್ಲ.”

“ಮತ್ತೆ?”

“ನನ್ನನ್ನು ಪೊರ್ಬು ಟೀಚರ್ ಅಂದ ಕೂಡ್ಲೇ ಹಿಂದಿನಿಂದ ಕುರ್ಚಿ ಬರ್ತಿತ್ತು, ಚಾ ಬರ್ತಿತ್ತು. ಅವನನ್ನು ಘಟ್ಟ ಅಂದಾಗ ಹಿಂದಿನಿಂದ ಎಂತ ಬರ್ತಿತ್ತು?”

“ಎಂತ ಬರುದು? ನಗು.”

“ಬರೀ ನಗುವಾ?”

ಉತ್ತರ ಹೇಳಿದ್ದು ರಮ್ಲಾ. “ಹೋದ ತಿಂಗಳು ಅವನು ನಮ್ಮ ಹಿಂದಿನ ಕೋಣೆ ಬಾಡಿಗೆಗೆ ಕೇಳಿದ್ದ ಟೀಚರ್. ಹೆಂಡತಿಯನ್ನು ಕರ್ಕೊಂಡು ಬರ್ತೇನೆ ಅಂತ. ಇವರೇ ಇಲ್ಲ ಅಂದದ್ದು.”

“ಘಟ್ಟದವರು ಕೋಣೆ ಗಲೀಜು ಮಾಡ್ತಾರೆ ಅಂತ ಎಲ್ಲರೂ ಹೇಳ್ತಾರಲ್ಲ,” ಎಂದರು ಇಲ್ಯಾಸ್. ಸ್ವರ ಸ್ವಲ್ಪ ಇಳಿದಿತ್ತು.

“ಅವನು ಗಲೀಜು ಮಾಡಿದ್ದು ನೀವು ನೋಡಿದ್ದೀರಾ?”

“ಅವನಾ? ಛೆ, ಇಲ್ಲಪ್ಪ. ಬಲೆ ಶೆಡ್ಡು ದಿನಾ ಗುಡಿಸುದೇ ಅವನು. ಅವನು ಕೂತಲ್ಲಿ ಒಂದು ನೂಲು ಬಿದ್ದಿರುದಿಲ್ಲ.”

“ಹಾಗಾದ್ರೆ ಕೋಣೆ ಇಲ್ಲ ಅಂದದ್ದು ಯಾರಿಗೆ ಇಲ್ಯಾಸ್?”

ಇಲ್ಯಾಸರು ತೆಂಗಿನ ಮರದ ಕಡೆ ನೋಡಿದರು. ಶೆಡ್ಡು ಗುಡಿಸುವ ಆ ಮನುಷ್ಯನಿಗೆ ಅವರು ಎಂದೂ ಕೋಣೆ ಇಲ್ಲ ಎನ್ನುತ್ತಿರಲಿಲ್ಲ. ಕೋಣೆ ಕೇಳಿದಾಗ ಅವನನ್ನು ಅವರು ನೋಡಿಯೇ ಇರಲಿಲ್ಲ. ಘಟ್ಟ ಎಂಬ ಆ ಮಾತು ನಡುವೆ ಬಾಗಿಲ ಹಾಗೆ ನಿಂತುಬಿಟ್ಟಿತ್ತು.

“ನೀವು ಬ್ಯಾರಿ,” ಟೀಚರ್ ಮೆಲ್ಲಗೆ ಹೇಳಿದರು. “ಅದು ನಿಮ್ಮ ಜನದ ಹೆಸರು, ಹೇಳ್ಲಿಕ್ಕೆ ನಿಮಗೆ ಹೆಮ್ಮೆ. ಆದ್ರೆ ಒಬ್ಬ ನಿಮ್ಮ ಮುಖ ನೋಡಿ, ಬ್ಯಾರಿಯಾ, ಹಾಗಾದ್ರೆ ಮನೆ ಇಲ್ಲ, ಅಂದ್ರೆ?”

ಇಲ್ಯಾಸರಿಗೆ ಅದು ಗೊತ್ತಿತ್ತು. ಮಗಳ ಓದಿಗೆಂದು ಪೇಟೆಯಲ್ಲಿ ಮನೆ ಹುಡುಕಿದ ವರ್ಷ ಅದನ್ನು ಕೇಳಿ ಬಂದವರೇ ಅವರು. ಆ ಬ್ರೋಕರನೂ ನಗುತ್ತಲೇ ಹೇಳಿದ್ದ.

“ಆದ್ರೂ ಇದಕ್ಕೆಲ್ಲ ಪೊಲೀಸ್ ಕೇಸು ಆಗ್ತದಾ?” ಎಂದರು, ಸೋಲೊಪ್ಪಲು ಮನಸ್ಸಿಲ್ಲದೆ.

“ಕೆಲವಕ್ಕೆ ಆಗ್ತದೆ. ದಲಿತರನ್ನು, ಬುಡಕಟ್ಟಿನವರನ್ನು ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಬೈದು ನೋಡಿ, ಜೈಲೇ. ಘಟ್ಟ ಅಂದದ್ದಕ್ಕೆ ಪೊಲೀಸ್ ಬರ್ಲಿಕ್ಕಿಲ್ಲ. ಪೊಲೀಸ್ ಬಂದ್ರೆ ಮಾತ್ರ ನಾವು ಸರಿಯಾಗುದಾ?”

ರಮ್ಲಾ ಐಸಿನಿಂದ ತೊಟ್ಟೆ ತೆಗೆದು ಗಂಡನ ಕೈಗೆ ಕೊಟ್ಟಳು.

“ಅವನ ಹೆಸರು ಹಿಡಿದು ಕರೀರಿ. ಬರ್ತಾನೆ,” ಎಂದಳು.

ಇಲ್ಯಾಸರು ಎದ್ದವರು ಅಲ್ಲಿಯೇ ನಿಂತರು.

“ಅವನ ಹೆಸರು... ಎಂತದೋ ಉಂಟು. ಕೊನೆಗೆ ಅಪ್ಪ ಅಂತ ಬರ್ತದೆ.”

ರಮ್ಲಾಳಿಗೂ ಗೊತ್ತಿರಲಿಲ್ಲ. ಬೋಟಿನ ಕಾಗದಪತ್ರವೆಲ್ಲ ನೋಡುವುದು ಸೈಮನ್. ಇಲ್ಯಾಸರು ಅವನಿಗೆ ಫೋನ್ ಮಾಡಲು ಕಿಸೆಗೆ ಕೈ ಹಾಕಿದರು.

“ಸೈಮನನ ಹತ್ರ ಯಾಕೆ?” ಎಂದರು ಟೀಚರ್. “ಹೆಸರು ಯಾರದ್ದೋ ಅವನ ಹತ್ರವೇ ಕೇಳಿ. ನಡೀರಿ, ನನಗೂ ದೋಣಿ ಹಿಡೀಬೇಕು.”

ಸಂಜೆಯ ದೋಣಿ ಆಗಷ್ಟೇ ದಡ ಮುಟ್ಟುತ್ತಿತ್ತು. ಶಾಲೆ ಬಿಟ್ಟ ಮಕ್ಕಳು, ಪೇಟೆಯ ಕೆಲಸ ಮುಗಿಸಿದವರು ಇಳಿಯುತ್ತಿದ್ದರು. ಹತ್ತುವವರ ಗುಂಪಿನಲ್ಲಿ ಅವನೂ ಅವಳೂ ಎದ್ದು ನಿಂತಿದ್ದರು. ಇಲ್ಯಾಸರು ಕೂಗಲೆಂದು ಬಾಯಿ ತೆರೆದರು. ಕೂಗಲಿಕ್ಕೆ ಬಾಯಲ್ಲಿ ಹೆಸರಿರಲಿಲ್ಲ. ತೊಟ್ಟೆ ಹಿಡಿದುಕೊಂಡು, ಮರಳಲ್ಲಿ ಕಾಲು ಹೂತುಕೊಂಡು, ಹತ್ತಿರವೇ ಹೋಗಬೇಕಾಯಿತು.

“ನೋಡು, ನಿನ್ನ... ನಿನ್ನ ಹೆಸರೆಂತ ಮಾರಾಯ?”

“ಅಬ್ಬಾ! ಸಾವ್ಕಾರ್ರಿಗೆ ಈಗ ಹೆಸರು ಬೇಕಾಯ್ತು!” ಎಂದು ದೋಣಿಯಲ್ಲಿದ್ದವನೊಬ್ಬ ನಕ್ಕ. ಉಳಿದವರೂ ನಕ್ಕರು. ಈ ಸಲದ ನಗು ಇಲ್ಯಾಸರ ಪಾಲಿಗೆ ಬಂದಿತ್ತು. ಅವರು ತಲೆ ತಗ್ಗಿಸಿ ತೆಗೆದುಕೊಂಡರು.

“ಯಮನೂರಪ್ಪ ರೀ.”

“ಯಮ... ಎಂತ?”

“ಯಮನೂರಪ್ಪ. ನಮ್ಮ ಕಡೆ ಯಮನೂರಾಗ ಒಂದು ದರ್ಗಾ ಐತ್ರಿ. ನಮ್ಮವ್ವ ಅಲ್ಲಿ ಹರಕಿ ಹೊತ್ತ ಮ್ಯಾಲ ನಾ ಹುಟ್ಟೀನಿ. ಅದಕ್ಕ ಆ ಹೆಸರು.”

“ದರ್ಗಾದ ಹೆಸರಾ?” ಇಲ್ಯಾಸರ ಕಣ್ಣು ಅರಳಿತು. “ಇಷ್ಟು ವರ್ಷ ನೀನು ಹೇಳ್ಲೇ ಇಲ್ಲವಲ್ಲ!”

“ನೀವು ಕೇಳಲಿಲ್ಲರಿ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ.

“ದರ್ಗಾದ ಹೆಸರು ಅಲ್ಲದಿದ್ರೂ ಅದು ಅವನ ಹೆಸರೇ ಇಲ್ಯಾಸ್,” ಎಂದು ಹಿಂದಿನಿಂದ ಟೀಚರ್ ನೆನಪಿಸಿದರು.

“ಹೌದು, ಹೌದು. ನೋಡು ಯಮನೂರಪ್ಪ, ನಾನು ಪ್ರೀತಿಯಲ್ಲೇ ಕರೆದದ್ದು ಮಾರಾಯ.”

“ಗೊತ್ತೈತ್ರಿ ಸಾವ್ಕಾರ. ನನಗ ಜ್ವರ ಬಂದಾಗ ಗಂಜಿ ಕಳಿಸಿದವ್ರು ನೀವು. ಆದ್ರ ಖೋಲಿ ಕೇಳಿದಾಗ ಆ ಪ್ರೀತಿ ಎಲ್ಲಿ ಹೋಗಿತ್ತರಿ? ನನಗ ಏನಂದ್ರೂ ನಡೀತೈತಿ ಅಂತ ಸುಮ್ಮನಿದ್ದೆ. ಇವತ್ತು ಇವಳ ಮುಂದ ಅಂದ್ರಿ. ಊರಾಗ ನಾ ಬೋಟಿನ್ಯಾಗ ದೊಡ್ಡ ಕೆಲಸದಾಗ ಅದೀನಿ ಅಂತ ಹೇಳಿದ್ದೆ ಇವಳಿಗೆ.”

ಇಲ್ಯಾಸರು ತಿರುಗಿ ಅವಳ ಕಡೆ ನೋಡಿದರು.

“ತಪ್ಪಾಯ್ತು ತಂಗಿ. ಇವನು ಹೇಳಿದ್ದು ಸುಳ್ಳಲ್ಲ. ಇವನು ಕಟ್ಟದಿದ್ರೆ ನನ್ನ ಬಲೆ ಬಲೆಯೇ ಅಲ್ಲ. ನಿನ್ನ ಹೆಸರೆಂತಮ್ಮ?”

“ದ್ಯಾಮವ್ವ,” ಎಂದಳು ಅವಳು, ಸೆರಗು ಸರಿಮಾಡಿಕೊಂಡು. “ಮೀನ ತೊಳಿಯಾಕ ನನಗ ಬರಂಗಿಲ್ಲ, ಖರೇ ಐತಿ. ನಿಮ್ಮ ಮನಿಯಾಕಿ ಕಲಿಸಿದ್ರ ಕಲೀತೀನಿ. ರೊಟ್ಟಿ ಬಡಿಯೋದು ಅವರಿಗೆ ನಾ ಕಲಿಸ್ತೀನಿ.”

“ಕಲಿಸು ಮಾರಾಯ್ತಿ! ಕೋಣೆಯ ಬೀಗದ ಕೈ ರಮ್ಲಾಳ ಹತ್ರ ಉಂಟು.”

ದೋಣಿ ಹೊರಟಿತು. ಎವ್ಲಿನ್ ಟೀಚರ್ ಅದರಲ್ಲಿದ್ದರು. ಅವರು ನೀರಿನ ನಡುವಿನಿಂದ ತಿರುಗಿ ನೋಡಿದಾಗ ದಡದಲ್ಲಿ ಇನ್ನೂ ಮೂವರು ನಿಂತಿದ್ದರು.

ಮುಂದಿನ ಸಲ ಬೋಟು ಬಂದು ನಿಂತಾಗ ದಡದಲ್ಲಿ ಜನ ಸ್ವಲ್ಪ ಹೆಚ್ಚೇ ಇತ್ತು. ರಮ್ಲಾ ದ್ಯಾಮವ್ವನನ್ನು ಕರೆದುಕೊಂಡು ಬಂದಿದ್ದಳು. ಇಲ್ಯಾಸರು ಸೈಮನನ ಪಾಲು ಕೊಟ್ಟರು, ಸುಹೈಬನ ಪಾಲು ಕೊಟ್ಟರು. ಆಮೇಲೆ ಎದೆ ತುಂಬ ಉಸಿರು ತೆಗೆದುಕೊಂಡರು.

“ಯಮನೂರಪ್ಪಾ!”

ಬಲೆಗಳ ಮೇಲಿಂದ ಹಾದು ಆ ಕೂಗು ದೋಣಿ ಕಟ್ಟುವ ಜಾಗದವರೆಗೂ ಹೋಯಿತು. ಯಾರೂ ನಗಲಿಲ್ಲ. ಅವನು ಬಂದ. ಎರಡೂ ಕೈ ನೀಡಿ ಮೀನು ತೆಗೆದುಕೊಂಡ.

“ಇಷ್ಟು ಜೋರ್ ಕೂಗಬ್ಯಾಡ್ರಿ ಸಾವ್ಕಾರ,” ಎಂದ, ಹಲ್ಲು ಕಾಣುವ ಹಾಗೆ ನಗುತ್ತ. “ನಮ್ಮೂರ ತನಕ ಕೇಳ್ತೈತಿ.”

“ಕೇಳ್ಲಿ ಮಾರಾಯ. ನಿನ್ನ ಅಮ್ಮನಿಗೂ ಕೇಳ್ಲಿ!”

ಓದುವವರೇ, ಕೇಳುವವರೇ, ನಿಮ್ಮ ಹತ್ತಿರವೂ ಒಂದು ಮಾತು. ನಿಮ್ಮ ಅಂಗಡಿಯಲ್ಲಿ, ಕಟ್ಟಡದ ಕೆಲಸದಲ್ಲಿ, ಬೋಟಿನಲ್ಲಿ, ಮನೆಯ ಅಂಗಳದಲ್ಲಿ ಊರಿನ ಹೆಸರಿನಿಂದಲೋ ಜಾತಿಯ ಹೆಸರಿನಿಂದಲೋ ಭಾಷೆಯ ಹೆಸರಿನಿಂದಲೋ ನೀವು ಕರೆಯುವ ಒಬ್ಬರು ಇದ್ದೇ ಇರುತ್ತಾರೆ. ಅದು ಬೈಗುಳವೋ ಅಲ್ಲವೋ ಎಂದು ಸಂಶಯ ಬಂದರೆ, ನಿಮ್ಮ ಮನಸ್ಸಿನಲ್ಲಿ ಪ್ರೀತಿ ಇತ್ತೋ ಎಂದು ಮಾತ್ರ ನೋಡಿ ಸುಮ್ಮನಾಗಬೇಡಿ. ಆ ಮಾತಿನ ಹಿಂದೆ ಅವರಿಗೆ ಕುರ್ಚಿ ಬರುತ್ತದೋ, ಇಲ್ಲ ಬಾಗಿಲು ಮುಚ್ಚುತ್ತದೋ ನೋಡಿ. ಅವರ ಹೆಂಡತಿ ಮಕ್ಕಳ ಎದುರು ಅದನ್ನು ಹೇಳಬಹುದೋ ನೋಡಿ. ಬಾಗಿಲು ಮುಚ್ಚುವ ಮಾತನ್ನು ನಗುತ್ತ ಹೇಳಿದರೂ ಅದು ಅವಮಾನವೇ, ಅದು ಭೇದವೇ.

ಅವರಿಗೊಂದು ಹೆಸರಿದೆ. ಯಾರೋ ತಾಯಿ ಆಸೆಪಟ್ಟು ಇಟ್ಟ ಹೆಸರು. ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ಎಷ್ಟೇ ವರ್ಷ ಕಳೆದಿರಲಿ, ಇವತ್ತು ಹತ್ತಿರ ಹೋಗಿ ಕೇಳಿ. ಆಮೇಲೆ ನಾಲ್ಕು ಜನರಿಗೆ ಕೇಳುವ ಹಾಗೆ ಕರೆಯಿರಿ.